ಕಾನ್ವೆಂಟ್ ಬಿಟ್ಟೆ, ಕರೆ ಬಿಡಲಿಲ್ಲ

ಕಾನ್ವೆಂಟ್ ಬಿಟ್ಟು ಮನೆಗೆ ಬಂದ ಮೇಲಿನ ಮೊದಲ ಭಾನುವಾರ ಅಮ್ಮ ನನ್ನನ್ನು ಎಬ್ಬಿಸಲಿಲ್ಲ. ಅವಳೂ ಅಪ್ಪನೂ ಸದ್ದಾಗದ ಹಾಗೆ ತಯಾರಾಗಿ ಚರ್ಚಿನ ಬೆಳಗಿನ ಪೂಜೆಗೆ ಹೊರಟು ನಿಂತಿದ್ದರು. ನಾನು ಎಚ್ಚರವಾಗಿಯೇ ಇದ್ದೆ. ಸೀರೆ ಉಟ್ಟುಕೊಂಡು ಹೊರಗೆ ಬಂದೆ.

"ಸಂಜೆ ಪೂಜೆಗೆ ಹೋಗು. ಜನ ಕಮ್ಮಿ ಇರ್ತಾರೆ" ಅಂದಳು ಅಮ್ಮ, ಚಪ್ಪಲಿ ಮೆಟ್ಟುತ್ತ, ಮುಖ ಎತ್ತದೆ.

"ಯಾಕೆ, ನಾನೇನು ಕದ್ದು ಬಂದಿದ್ದೀನಾ?" ಅಂದೆ.

ಅಪ್ಪ ಬಾಗಿಲು ತೆರೆದರು. ಮೂವರೂ ನಡೆದೆವು, ಆದರೆ ಒಟ್ಟಿಗೆ ಅಲ್ಲ. ಚರ್ಚಿನೊಳಗೆ ಅಮ್ಮ ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಳು. ನಾನು ಹೆಂಗಸರ ಕಡೆಯ ಮುಂದಿನ ಬೆಂಚಿಗೆ ಹೋದೆ. ಪರಮಪ್ರಸಾದಕ್ಕೆ ಸಾಲು ನಿಂತಾಗ ಆ ಚರ್ಚಿಗೆ ಸೇರಿದ ಇಡೀ ಧರ್ಮಕೇಂದ್ರದ ಕಣ್ಣು ನನ್ನ ಬೆನ್ನ ಮೇಲಿತ್ತು. ಆದರೂ ಕೈ ಚಾಚಿದೆ. "ಆಮೆನ್" ಅಂದೆ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ನಮ್ಮ ಮನೆ ಮಂಡಿ ಮೊಹಲ್ಲಾದ ಒಂದು ಓಣಿಯಲ್ಲಿ. ಅಪ್ಪನದು ಗಡಿಯಾರ ರಿಪೇರಿ ಅಂಗಡಿ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಸಂಜೆ ಮಸೀದಿಯ ಬಾಂಗ್ ಮುಗಿಯುತ್ತಿದ್ದಂತೆ ನಮ್ಮ ಮನೆಯಲ್ಲಿ ಜಪಸರ ಶುರುವಾಗುತ್ತಿತ್ತು. ಅಂಥ ಮನೆಯ ಹುಡುಗಿ ಸಿಸ್ಟರ್ ಆಗಬೇಕು ಅಂದುಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನನಗೆ ಆಸೆ ಹುಟ್ಟಿದ್ದು ಪ್ರಾರ್ಥನೆಯಿಂದಲ್ಲ. ನಮಗೆ ಧರ್ಮೋಪದೇಶ ಹೇಳಿಕೊಡಲು ಬರುತ್ತಿದ್ದ ಒಬ್ಬ ಸಿಸ್ಟರ್ ಹಳೇ ಸ್ಕೂಟರ್ ಓಡಿಸುತ್ತಿದ್ದರು. ಅದು ದಿನ ಬಿಟ್ಟು ದಿನ ನಿಂತುಹೋಗುತ್ತಿತ್ತು. ಅವರು ತಲೆವಸ್ತ್ರವನ್ನು ಹಿಂದಕ್ಕೆ ಗಂಟು ಹಾಕಿಕೊಂಡು, ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು, ಪ್ಲಗ್ ಬಿಚ್ಚಿ ಉಜ್ಜಿ ಮತ್ತೆ ಹಾಕುತ್ತಿದ್ದರು. ನೋಡುತ್ತ ನಿಂತ ಗಂಡಸರಿಗೆ, "ಏನು ನೋಡ್ತಿದ್ದೀರಿ? ಒಂದು ಕೈ ಹಾಕಿ ತಳ್ಳಿ" ಅನ್ನುತ್ತಿದ್ದರು. ಅವರು ತಳ್ಳುತ್ತಿದ್ದರು. ದೇವರಿಗೆ ಸೇರಿದವಳಾದರೆ ಹೀಗೆ ಯಾರಿಗೂ ಹೆದರದೆ ಬದುಕಬಹುದು ಅಂತ ನನಗೆ ಅನ್ನಿಸಿಬಿಟ್ಟಿತ್ತು.

ಪಿಯುಸಿ ಮುಗಿಸಿ ಸೇರಿದೆ. ಅಮ್ಮ ಓಣಿಗೆಲ್ಲ ಕೇಕು ಹಂಚಿದಳು. ಪಕ್ಕದ ಮನೆಯ ಬೀಬಿ ಕಣ್ಣಲ್ಲಿ ನೀರು ತಂದುಕೊಂಡು, "ಮದುವೆ ಮಾಡಿ ಕಳಿಸ್ದಂಗೇ ಆಯ್ತು" ಅಂದರು.

ಕಾನ್ವೆಂಟಿನಲ್ಲಿ ಕಲಿತದ್ದನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಅಲ್ಲಿಂದ ಹೊರಗೆ ಬಂದವಳು ಅಲ್ಲಿನವರನ್ನು ಬೈಯಲೇಬೇಕು ಅಂತ ಕೆಲವರು ಕಾಯುತ್ತಾರೆ. ಅವರಿಗೆ ನನ್ನಿಂದ ಏನೂ ಸಿಗುವುದಿಲ್ಲ. ನಮ್ಮ ತರಬೇತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮೊದಲ ವಾರವೇ ನನ್ನನ್ನು ಪ್ರಾರ್ಥನಾಲಯದಲ್ಲಿ ಕೂರಿಸಿ, ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡುಬಿಟ್ಟರು. "ಏನೂ ಬೇಡ್ಕೋಬೇಡ. ಏನೂ ಓದ್ಬೇಡ. ಸುಮ್ನೆ ಕೂತ್ಕೋ" ಅಂದರು. ನನಗೆ ಮೈಯೆಲ್ಲ ತುರಿಸಿತು, ಹಸಿವಾಯಿತು, ಸಿಟ್ಟು ಬಂತು. ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಗಂಟೆ ಹೊಡೆದರೂ ಏಳಬೇಕು ಅನ್ನಿಸಲಿಲ್ಲ. ಅಷ್ಟು ಹೊತ್ತು ಯಾರೋ ನನ್ನ ಜೊತೆ ಕೂತಿದ್ದರು ಅನ್ನುವ ಭಾವ. ಅದನ್ನು ಇನ್ನೂ ಹೆಚ್ಚು ವಿವರಿಸಲು ನನಗೆ ಬರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಅದೇ ಸಿಸ್ಟರ್ ನಮ್ಮನ್ನು ಇಬ್ಬಿಬ್ಬರಾಗಿ ಕಾಯಿಲೆಯವರ ಮನೆಗಳಿಗೆ ಕಳಿಸುತ್ತಿದ್ದರು. "ಬೋಧನೆ ಮಾಡೋಕೆ ಹೋಗ್ಬೇಡಿ. ಪಾತ್ರೆ ಬಿದ್ದಿದ್ರೆ ತೊಳೀರಿ. ಅವರು ಮಾತಾಡಿದ್ರೆ ಕೇಳಿಸ್ಕೊಳ್ಳಿ" ಅನ್ನುತ್ತಿದ್ದರು. ನನ್ನ ಕೆಲಸ ಯಾವುದು ಅಂತ ನನಗೆ ಗೊತ್ತಾದದ್ದು ಆ ಮನೆಗಳ ಹಿತ್ತಲಲ್ಲಿ, ಬೂದಿ ಹಾಕಿ ಪಾತ್ರೆ ಉಜ್ಜುವಾಗ.

ಬಡತನ, ಬ್ರಹ್ಮಚರ್ಯ, ವಿಧೇಯತೆಯ ಮೊದಲ ವ್ರತ ತೆಗೆದುಕೊಂಡ ಮೇಲೆ ನನ್ನನ್ನು ಕಾನ್ವೆಂಟಿನ ಶಾಲೆಯ ಆಫೀಸಿಗೆ ಹಾಕಿದರು. ಅಡ್ಮಿಷನ್, ಪರೀಕ್ಷೆ, ವಾರ್ಷಿಕೋತ್ಸವ. ವರ್ಷ ವರ್ಷ ವ್ರತ ನವೀಕರಿಸುವಾಗ ಮನೆ ಭೇಟಿಯ ಕೆಲಸ ಕೊಡಿ ಅಂತ ಕೇಳಿದೆ. ಶಾಲೆಗೆ ಕೈ ಬೇಕಿತ್ತು, ಅದು ಸುಳ್ಳಲ್ಲ. "ಎಲ್ಲಿ ಹಾಕಿದ್ರೂ ಸೇವೆನೇ. ವಿಧೇಯತೆ ಅಂದ್ರೆ ಅದೇ ಅಲ್ವಾ?" ಅಂದರು ಮೇಲಿನವರು. ನಾನು ಇನ್ನೊಂದು ವರ್ಷ ಪ್ರಾರ್ಥನೆ ಮಾಡಿದೆ. ಈಸ್ಟರಿಗೆ ಮುಂಚಿನ ಆ ತಪಸ್ಸುಕಾಲ ಮುಗಿಯುವ ಹೊತ್ತಿಗೆ ನನ್ನೊಳಗೆ ಉತ್ತರ ಸ್ಪಷ್ಟವಾಗಿತ್ತು. ಈ ಸಲ ವ್ರತ ನವೀಕರಿಸುವುದಿಲ್ಲ ಅಂತ ಹೋಗಿ ಹೇಳಿದೆ.

ಕಾನ್ವೆಂಟಿನ ಮುಖ್ಯಸ್ಥೆ ಮದರ್, "ಯಾರಾದ್ರೂ ಇದ್ದಾರಾ?" ಅಂತ ಮೆಲ್ಲಗೆ ಕೇಳಿದರು.

"ದೇವರಿದ್ದಾರೆ ಮದರ್" ಅಂದೆ.

ಅವರಿಗೆ ನೋವಾಯಿತು ಅಂತ ಕಾಣುತ್ತದೆ. ಆದರೂ ತಲೆ ಮುಟ್ಟಿ ಆಶೀರ್ವಾದ ಮಾಡಿಯೇ ಕಳಿಸಿದರು.

ಮನೆಗೆ ಬಂದ ಮೇಲೆ ಓಣಿಯೂ ಚರ್ಚೂ ನನಗಾಗಿ ಕಾರಣ ಹುಡುಕಿದವು. ಡ್ರೈವರ್ ಒಬ್ಬನ ಕಥೆ ಹುಟ್ಟಿತು. ಅಲ್ಲಿ ಹೊಡೆಯುತ್ತಿದ್ದರಂತೆ ಅನ್ನುವ ಕಥೆ ಹುಟ್ಟಿತು. ತಲೆ ಕೆಟ್ಟಿತ್ತಂತೆ ಅಂತಲೂ ಆಯಿತು. ಚಿಕ್ಕಮ್ಮ ಎರಡನೇ ಮದುವೆಯ ಒಂದು ಸಂಬಂಧ ಹಿಡಿದುಕೊಂಡು ಬಂದು, "ಬಂದ್ಬುಟ್ಟಿದ್ದೀಯ ಅಂದ್ಮೇಲೆ ಇನ್ನೇನು ಯೋಚ್ನೆ ಕಣಮ್ಮ" ಅಂದಳು. ನಾನು ಕಾಫಿ ಕೊಟ್ಟು ಕಳಿಸಿದೆ. ಸಿದ್ಧಾರ್ಥನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತು. ಸೇರಿಕೊಂಡೆ.

ಆಮೇಲೆ ನಮ್ಮ ಫಾದರ್ ಹತ್ತಿರ ಹೋಗಿ, ಭಾನುವಾರದ ಧರ್ಮೋಪದೇಶ ತರಗತಿ ಕೊಡಿ ಅಂತ ಕೇಳಿದೆ. ಅವರು ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರು, ಸೌಮ್ಯ ಮನುಷ್ಯ, ಜಗಳ ಅಂದರೆ ಆಗದು. ಚರ್ಚಿನ ಪಾಲನಾ ಸಮಿತಿಯ ಮುಂದೆ ಇಡೋಣ ಅಂದರು. ಸಮಿತಿಯ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ಚಿಕ್ಕಂದಿನಿಂದ ನನ್ನನ್ನು ಕಂಡವರು. ನನ್ನನ್ನು ಎದುರಿಗೆ ಕೂರಿಸಿಕೊಂಡೇ, ನನ್ನ ಕಡೆ ನೋಡದೆ ಫಾದರಿಗೆ ಹೇಳಿದರು:

"ತಪ್ಪು ತಿಳ್ಕೋಬೇಡಿ ಫಾದರ್. ದೈವಕರೆ ಕಳ್ಕೊಂಡು ಬಂದವರು ಮಕ್ಕಳಿಗೆ ಏನು ಹೇಳ್ಕೊಡ್ತಾರೆ? ತಂದೆತಾಯಿಗಳು ಕೇಳಿದ್ರೆ ನಾವು ಏನು ಉತ್ತರ ಕೊಡೋಣ?"

"ಸರ್, ನಾನು ಇಲ್ಲೇ ಇದ್ದೀನಿ. ನನ್ನನ್ನೇ ಕೇಳಿ" ಅಂದೆ. "ನಾನು ಕಳ್ಕೊಂಡಿಲ್ಲ. ಕರೆ ಅನ್ನೋದು ಕೊಡೆನಾ ಬಸ್ಸಲ್ಲಿ ಮರೆತು ಬರೋಕೆ?"

ಒಂದಿಬ್ಬರು ನಕ್ಕರು. ಅವರು ನಗಲಿಲ್ಲ. ಒಂದು ವರ್ಷ ಕಾಯಲಿ ಅಂತ ತೀರ್ಮಾನವಾಯಿತು. ಕಾದು ಏನಾಗಬೇಕಿತ್ತೋ ಯಾರೂ ಹೇಳಲಿಲ್ಲ.

ನಾನು ಕಾಯಲಿಲ್ಲ. ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ರಜ. ಯಾರ ಅಪ್ಪಣೆಯನ್ನೂ ಕೇಳದೆ, ಹಾಸಿಗೆ ಹಿಡಿದಿದ್ದ ಧರ್ಮಕೇಂದ್ರದ ಹೆಂಗಸರ ಮನೆಗಳಿಗೆ ಒಂದೊಂದಾಗಿ ಹೋಗತೊಡಗಿದೆ. ಕೆಲವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಕೆಲವರು ಒಳಗೆ ಕರೆದರು. ಹಾಗೆ ಹೋಗುತ್ತ ಹೋಗುತ್ತ, ನಮ್ಮ ಓಣಿಯಿಂದ ಎರಡು ಓಣಿ ಆಚೆಗಿದ್ದ ಒಬ್ಬ ಅಜ್ಜಿಯ ಮನೆ ಸೇರಿದೆ.

ಆ ಅಜ್ಜಿ ನನಗೆ ಮೊದಲಿಂದ ಗೊತ್ತಿದ್ದವರು. ಶುಭ ಶುಕ್ರವಾರ ಹೆಂಗಸರು ಶಿಲುಬೆಯ ಕೆಳಗೆ ನಿಂತ ಮಾತೆಯ ವ್ಯಾಕುಲದ ಹಾಡು ಹೇಳುವಾಗ ಮುಂದಾಳು ದನಿ ಅವರದೇ ಇರುತ್ತಿತ್ತು. ಅವರಿಗೆ ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳು ಅಶೋಕಪುರಂನ ಒಬ್ಬ ಹಿಂದೂ ಹುಡುಗನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ಚಿಕ್ಕವಳು ಮದುವೆಯಾಗಿರಲಿಲ್ಲ, ಊದುಬತ್ತಿ ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ದೊಡ್ಡ ಮಗಳ ಮದುವೆಯಾದ ವರ್ಷ ಯಾರೋ ಬಂದು, ಈ ಸಲ ಬೇರೆಯವರು ಹಾಡಲಿ ಅಂದರಂತೆ. ಅಜ್ಜಿ ಅಲ್ಲಿಂದಾಚೆಗೆ ಚರ್ಚಿಗೇ ಹೋಗಲಿಲ್ಲ. ಆಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಮಂಚ ಹಿಡಿದರು.

ನಾನು ಹೋಗಿ ಕೂತ ಮೊದಲ ದಿನ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿ, "ಕಾನ್ವೆಂಟ್ ಬುಟ್ಟು ಬಂದೋಳು ನೀನೇನಾ?" ಅಂದರು.

"ಹೌದಜ್ಜಿ."

"ಅಲ್ಲಿ ಊಟ ಎಂಗಿತ್ತು?"

ಮನೆಗೆ ಬಂದಾಗಿನಿಂದ ನನ್ನನ್ನು ಯಾರೂ ಯಾಕೆ ಅನ್ನುವುದು ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಸಾರು ನೀರುನೀರಾಗಿರುತ್ತಿತ್ತು, ಭಾನುವಾರದ ಕೋಳಿ ಮಾತ್ರ ಚೆನ್ನಾಗಿರುತ್ತಿತ್ತು ಅಂದೆ. "ಅಂಗಾದ್ರೆ ವಾಸಿ" ಅಂದರು.

ಎರಡು ವರ್ಷ ಹತ್ತಿರ ಹತ್ತಿರ ಪ್ರತಿ ಶನಿವಾರ ಅಲ್ಲಿಗೆ ಹೋದೆ. ಬೆನ್ನು ಒರೆಸಿ ಪುಡಿ ಹಾಕುತ್ತಿದ್ದೆ, ಹಾಸಿಗೆ ಬದಲಾಯಿಸುತ್ತಿದ್ದೆ. ಜಪ ಹೇಳಿಕೊಳ್ಳುತ್ತಿದ್ದೆವು. ನಡುವೆ ಅಜ್ಜಿ ಜಪ ನಿಲ್ಲಿಸಿ ಓಣಿಯವರನ್ನು ಬೈದು, ಮತ್ತೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಿದ್ದರು. ಫಾದರಿಗೆ ಹೇಳಿದೆ. ಅವರು ತಿಂಗಳಿಗೊಮ್ಮೆ ಪರಮಪ್ರಸಾದ ತಂದು ಕೊಡತೊಡಗಿದರು. ಅದಕ್ಕೆ ನಾನು ಅವರಿಗೆ ಋಣಿ. ಕೆಲವು ಸಲ ಅಜ್ಜಿ ಕಣ್ಣು ಮುಚ್ಚಿಕೊಂಡು ಆ ವ್ಯಾಕುಲದ ಹಾಡು ಹೇಳುತ್ತಿದ್ದರು. ದನಿ ಬಿರುಕು ಬಿಟ್ಟಿತ್ತು. ಆದರೂ ಬಾಗಿಲಾಚೆ ತರಕಾರಿ ಗಾಡಿಯವನು ಕೂಗುವುದನ್ನು ನಿಲ್ಲಿಸಿ ಕೇಳುತ್ತಿದ್ದ.

ಒಂದು ಬೇಸಗೆಯ ಬೆಳಿಗ್ಗೆ ಚಿಕ್ಕ ಮಗಳು ಫೋನ್ ಮಾಡಿದಳು. ಅಜ್ಜಿ ಹೋಗಿಬಿಟ್ಟಿದ್ದರು. ನಾನೂ ಆ ಇಬ್ಬರು ಹೆಣ್ಣುಮಕ್ಕಳೂ ಸೇರಿ ಸ್ನಾನ ಮಾಡಿಸಿ, ಮದುವೆಯ ಸೀರೆ ಉಡಿಸಿದೆವು. ಮೂರು ಗಂಟೆಗೆ ಪೂಜೆ ಅಂತ ಫಾದರ್ ಹೇಳಿದ್ದರು. ಓಣಿ ಕಿರಿದು, ವ್ಯಾನು ಒಳಗೆ ಬರುವುದಿಲ್ಲ. ಮನೆಯಿಂದ ಚರ್ಚಿಗೆ ಹೆಗಲ ಮೇಲೆ ಹೊತ್ತುಕೊಂಡು ಹೋಗುವುದೇ ನಮ್ಮಲ್ಲಿ ರೂಢಿ. ಪೆಟ್ಟಿಗೆಯ ತಲೆಯ ಕಡೆ ಮಗನೋ, ಮಗನಿಲ್ಲದಿದ್ದರೆ ಗಂಡನ ಮನೆಯ ಕಡೆಯ ಗಂಡಸೋ ಹಿಡಿಯಬೇಕು. ಅಜ್ಜಿಗೆ ಇದ್ದವನು ಮೈದುನನ ಮಗ ಒಬ್ಬನೇ. ಬರುತ್ತೇನೆ, ಬರುತ್ತೇನೆ ಅಂತ ಫೋನಿನಲ್ಲಿ ಹೇಳುತ್ತಿದ್ದವನು ಕೊನೆಗೆ, ದೊಡ್ಡವಳೂ ಅವಳ ಗಂಡನೂ ಅಲ್ಲಿಂದ ಹೋಗುವವರೆಗೆ ಕಾಲಿಡುವುದಿಲ್ಲ ಅಂದ.

ದೊಡ್ಡ ಮಗಳ ಗಂಡ ತಾನೇ ಮುಂದೆ ಬಂದು, "ನಾನ್ ಹಿಡ್ಕೋತೀನಿ" ಅಂದರು. ಅಂಗಳದಲ್ಲಿದ್ದ ಹೆಡ್‌ಮಾಸ್ಟರು ಅವರ ತೋಳು ಹಿಡಿದು ಮೆಲ್ಲಗೆ, "ಅದು ಬೇಡ ಕಣಪ್ಪಾ. ನಾಳೆ ಮಾತು ಬರುತ್ತೆ" ಅಂದರು. ಉಳಿದ ಗಂಡಸರು ಟೀ ಅಂಗಡಿಯ ನೆರಳಿನಲ್ಲಿ ನಿಂತಿದ್ದರು. ಕೆಟ್ಟವರೇನಲ್ಲ. ಮನೆಯವರು ಬರುವ ಮುಂಚೆ ತಾವು ಹೇಗೆ ಮುಟ್ಟುವುದು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಂಗಳದಲ್ಲಿಟ್ಟಿದ್ದ ಪೆಟ್ಟಿಗೆಯ ಮೇಲೆ ಬಿಸಿಲು ಬಂತು. ಚಿಕ್ಕ ಮಗಳು ಛತ್ರಿ ಬಿಚ್ಚಿ ಅಮ್ಮನ ಮುಖಕ್ಕೆ ನೆರಳು ಹಿಡಿದಳು.

ಅದನ್ನು ನೋಡಿ ನನ್ನಿಂದ ಆಗಲಿಲ್ಲ. ಎದ್ದು, "ಮುಚ್ಚಳ ಹಾಕಿ. ನಾವೇ ಹೊರೋಣ" ಅಂದೆ.

"ತಾಳಮ್ಮಾ" ಅಂದರು ಹೆಡ್‌ಮಾಸ್ಟರು. "ಗಂಡಸ್ರು ಬರ್ತಾರೆ."

"ಬೆಳಿಗ್ಗೆಯಿಂದ ತಾಳಿದ್ದೀವಿ ಸರ್."

"ಹೆಂಗಸ್ರು ಹೆಗಲು ಕೊಡೋದು ಎಲ್ಲಾದ್ರೂ ಉಂಟಾ?"

"ಶಿಲುಬೆ ಕೆಳಗೆ ಕೊನೇವರೆಗೂ ನಿಂತಿದ್ದೋರು ಯಾರು ಸರ್? ನೀವೇ ಅಲ್ವಾ ನಮಗೆ ಹೇಳ್ಕೊಟ್ಟಿದ್ದು?"

ಹೆಣ್ಣುಮಕ್ಕಳಿಬ್ಬರೂ ತಲೆಯ ಕಡೆ ಹಿಡಿದರು. ಕಾಲಿನ ಕಡೆ ಒಂದು ಮೂಲೆ ನಾನು ಹಿಡಿದೆ. ಇನ್ನೊಂದು ಮೂಲೆ ಖಾಲಿಯಿತ್ತು. ಅಲ್ಲಿ ನೆರೆದಿದ್ದ ಹೆಂಗಸರ ಕಡೆ ನೋಡಿದೆ. ಯಾರೂ ಕದಲಲಿಲ್ಲ. ಆಗ ಹಿಂದಿನಿಂದ ಅಮ್ಮ ಬಂದಳು. ನಾನು ಮನೆಗೆ ಬಂದಾಗಿನಿಂದ ನನ್ನ ಜೊತೆ ರಸ್ತೆಯಲ್ಲಿ ಸರಿಸಮ ನಡೆಯದಿದ್ದ ಅಮ್ಮ. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಬಗ್ಗಿ ನಾಲ್ಕನೇ ಮೂಲೆಗೆ ಕೈ ಹಾಕಿದಳು.

"ನಿನ್ಗೆ ಮೊಣಕಾಲು ನೋವು ಕಣಮ್ಮ" ಅಂದೆ.

"ಬಾಯ್ ಮುಚ್ಕೊಂಡು ಎತ್ತು" ಅಂದಳು.

ಎತ್ತಿದೆವು. ಅಮ್ಮ ಗಿಡ್ಡ. ಪೆಟ್ಟಿಗೆ ಅವಳ ಕಡೆ ವಾಲಿತು. ಅಜ್ಜಿಯ ಅಳಿಯ ಯಾರನ್ನೂ ಕೇಳದೆ ಬಂದು, ಅಮ್ಮನ ಹಿಂದೆ ನಿಂತು ಎರಡೂ ಕೈ ಕೆಳಗೆ ಕೊಟ್ಟು ಸಮ ಮಾಡಿದರು. ಈ ಸಲ ಅವರ ತೋಳನ್ನು ಯಾರೂ ಹಿಡಿಯಲಿಲ್ಲ. ಓಣಿಯ ತಿರುವಿನಲ್ಲಿ ಟೀ ಅಂಗಡಿಯ ಗಂಡಸರು ಓಡಿ ಬಂದು, "ಬುಡ್ರಮ್ಮ, ನಾವು ಹಿಡ್ಕೋತೀವಿ" ಅಂದರು. ದೊಡ್ಡ ಮಗಳು ಮುಖ ತಿರುಗಿಸದೆ, "ಹಿಂದೆ ಬನ್ನಿ" ಅಂದಳು. ಅವರು ಹಿಂದೆ ಬಂದರು. ಬೀಬಿ ಮನೆಯ ಮುಂದೆ ಹಾದಾಗ ಮಹಡಿಯ ಮೇಲೆಲ್ಲ ಹೆಂಗಸರು ನಿಂತು ನೋಡುತ್ತಿದ್ದರು. ಭುಜ ಸೀಳಿದ ಹಾಗಿತ್ತು. ಯಾರೋ ಜಪ ಶುರು ಮಾಡಿದರು. ನನಗೆ ಮಾತ್ರ ಜಪವೂ ಬರಲಿಲ್ಲ, ಅಳುವೂ ಬರಲಿಲ್ಲ. ಪ್ರಾರ್ಥನಾಲಯದಲ್ಲಿ ಬರಿಗೈಯಲ್ಲಿ ಕೂತಾಗ ಯಾರು ನನ್ನ ಜೊತೆಗಿದ್ದರೋ ಅವರೇ ಈ ಬಿಸಿಲಲ್ಲೂ ಇದ್ದಾರೆ ಅಂತ ಮಾತ್ರ ಗೊತ್ತಿತ್ತು.

ಚರ್ಚಿನ ಮೆಟ್ಟಿಲ ಮೇಲೆ ಕಾಯುತ್ತಿದ್ದ ಫಾದರ್ ನಮ್ಮನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಕೆಳಗಿಳಿದು ಬಂದು, ಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸಿದರು. ಒಂದೆರಡು ಹನಿ ನಮ್ಮ ಮೇಲೂ ಬಿತ್ತು.

ಸಂಜೆಯ ಹೊತ್ತಿಗೆ ನಮ್ಮ ಫೋಟೋ ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿತ್ತು. "ಇದು ನಮ್ಮ ಸಂಪ್ರದಾಯವೇ?" ಅಂತ ಯಾರೋ ಹಾಕಿದ್ದರು. ಕೆಳಗೆ ಕೈ ಮುಗಿಯುವ ಚಿತ್ರಗಳು, ಸಿಟ್ಟಿನ ಮುಖಗಳು, ಉದ್ದುದ್ದ ಉಪದೇಶ. ನಾನು ಬರೆಯಲು ಹೊರಟೆ, ಅಷ್ಟರಲ್ಲಿ ಅಪ್ಪನ ಸಂದೇಶ ಬಂತು. ಅವರು ಆ ಗುಂಪಿನಲ್ಲಿ ಎಂದೂ ಒಂದು ಅಕ್ಷರ ಬರೆದವರಲ್ಲ. "ಚಿತ್ರದಲ್ಲಿ ಬಲಗಡೆ ಇರುವ ಗಿಡ್ಡ ಹೆಂಗಸು ನನ್ನ ಹೆಂಡತಿ. ಅವಳ ಪಕ್ಕದಲ್ಲಿ ಇರುವವಳು ನನ್ನ ಮಗಳು. ಯಾರಿಗಾದರೂ ಏನಾದರೂ ಹೇಳಬೇಕಿದ್ದರೆ ಅಂಗಡಿಗೆ ಬರಬಹುದು." ಯಾರೂ ಅಂಗಡಿಗೆ ಹೋಗಲಿಲ್ಲ.

ವಾರದ ನಂತರ ಫಾದರ್ ಕರೆಸಿದರು. "ನೀವು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಸಮಿತಿಯವರಿಗೆ ನೋವಾಗಿದೆ. ಮುಂದೆ ಹೀಗೆ ಮಾಡೋ ಮುಂಚೆ ನನಗೊಂದು ಮಾತು ಹೇಳೋಕೆ ಒಪ್ಕೊಳ್ಳಿ, ಸಾಕು."

"ಸಾಯೋರು ಮುಂಚೆ ಹೇಳಿ ಸಾಯಲ್ವಲ್ಲ ಫಾದರ್. ಒಪ್ಕೊಳ್ಳೋಕಾಗಲ್ಲ" ಅಂದೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಸರಿಪಡಿಸುವ ನೆಪದಲ್ಲಿ ನಗು ನುಂಗಿದರು. ಅಷ್ಟಕ್ಕೇ ಮಾತು ನಿಂತಿತು.

ಆ ವರ್ಷವೇ ಇನ್ನೂ ಮೂರು ಮನೆಯವರು, ತಾಯಿ ತೀರಿಕೊಂಡಾಗ ಸ್ನಾನ ಮಾಡಿಸಲು ನನ್ನನ್ನು ಕರೆದರು. ಅದರಲ್ಲಿ ಒಂದು ಮನೆಯ ಹೆಣ್ಣುಮಕ್ಕಳು, "ನಾವೂ ಹೆಗಲು ಕೊಡ್ಬೇಕು" ಅಂತ ತಾವೇ ಅಣ್ಣಂದಿರಿಗೆ ಹೇಳಿದರು. ಅಣ್ಣಂದಿರು ಗೊಣಗುತ್ತ ಜಾಗ ಬಿಟ್ಟರು. ಶನಿವಾರದ ಭೇಟಿಗೆ ನನ್ನ ಜೊತೆ ಒಬ್ಬ ನಿವೃತ್ತ ನರ್ಸಮ್ಮ ಸೇರಿಕೊಂಡರು, ಆಮೇಲೆ ಅಜ್ಜಿಯ ಚಿಕ್ಕ ಮಗಳು. ಅಮ್ಮನೂ ಬರುತ್ತಾಳೆ, ಮೊಣಕಾಲು ಒಪ್ಪಿದರೆ. ನಮ್ಮದಕ್ಕೆ ಹೆಸರಿಲ್ಲ. ಹೆಸರಿಟ್ಟರೆ ಅಧ್ಯಕ್ಷರು ಬೇಕಾಗುತ್ತದೆ ಅಂತ ನರ್ಸಮ್ಮ ಇಡಲು ಬಿಟ್ಟಿಲ್ಲ.

ಧರ್ಮೋಪದೇಶದ ತರಗತಿ ಇವತ್ತಿಗೂ ನನಗೆ ಸಿಕ್ಕಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ಹೋಗಿ ಕೇಳುತ್ತೇನೆ. ಹೆಡ್‌ಮಾಸ್ಟರು ಪ್ರತಿ ವರ್ಷ ಬೇಡ ಅನ್ನುತ್ತಾರೆ. ಅವರು ನನ್ನ ಬಗ್ಗೆ ಮನಸ್ಸು ಬದಲಾಯಿಸಿಲ್ಲ. ಬದಲಾಯಿಸಲಿ ಅಂತ ನಾನು ಕಾದು ಕೂತಿಲ್ಲ.

ಹೋದ ವರ್ಷ ಹೊಸ ಫಾದರ್ ಬಂದರು. ದೈವಕರೆಯ ಭಾನುವಾರ, ಪೂಜೆಯಾದ ಮೇಲೆ ಯುವಜನರ ಮುಂದೆ ಮಾತಾಡಲು ಫಾದರ್ ಆಗಲು ಓದುತ್ತಿದ್ದ ಗುರುಮಠದ ಒಬ್ಬ ವಿದ್ಯಾರ್ಥಿಯನ್ನೂ ಒಬ್ಬ ಸಿಸ್ಟರನ್ನೂ ಕರೆದು, ಮೂರನೆಯವಳಾಗಿ ನನ್ನನ್ನು ಕರೆದರು. "ಬಿಟ್ಟು ಬಂದವರನ್ನ ನಿಲ್ಸಿ ಏನು ಸಂದೇಶ ಕೊಡ್ತೀರಿ ಫಾದರ್?" ಅಂತ ಹೆಡ್‌ಮಾಸ್ಟರು ಎಲ್ಲರ ಮುಂದೆ ಕೇಳಿದರು. ಫಾದರ್, "ಅವರೇ ಹೇಳ್ತಾರೆ, ಕೂತ್ಕೊಳ್ಳಿ" ಅಂದರು. ಹೆಡ್‌ಮಾಸ್ಟರು ಕೂರಲಿಲ್ಲ. ಛತ್ರಿ ಹಿಡಿದು ಹೊರಟುಹೋದರು.

ನಾನು ಬಹಳ ಮಾತಾಡಲಿಲ್ಲ. "ನಾನು ಕರೆ ಕಳ್ಕೊಂಡವಳು ಅಂತ ನಿಮ್ಮ ಮನೆಗಳಲ್ಲಿ ಕೇಳಿರ್ತೀರಿ" ಅಂದೆ. "ದೇವರು ನನ್ನನ್ನ ಕರೆದದ್ದು ನಿಜ. ನಾನು ಕಾನ್ವೆಂಟಿಗೆ ಹೋದದ್ದು ಆ ಕರೆಗೆ ಓಗೊಟ್ಟೇ. ಹೊರಗೆ ಬಂದದ್ದೂ ಓಗೊಟ್ಟೇ. ಎರಡಕ್ಕೂ ನಾನು ನಾಚಿಕೊಂಡಿಲ್ಲ. ನೀವು ಹೋಗೋದಾದ್ರೆ ಪೂರ್ತಿ ಮನಸ್ಸಿಟ್ಟು ಹೋಗಿ. ಅಲ್ಲಿ ಕಲಿಸೋದನ್ನ ಚೆನ್ನಾಗಿ ಕಲೀರಿ. ಆದ್ರೆ ನಿಮ್ಮ ಬದಲು ದೇವರ ಮಾತು ಕೇಳಿಸ್ಕೊಳ್ಳೋಕೆ ಬೇರೆ ಯಾರಿಗೂ ಬಿಡಬೇಡಿ." ಪಕ್ಕದಲ್ಲಿದ್ದ ಸಿಸ್ಟರ್ ಮೊದಲು ಚಪ್ಪಾಳೆ ತಟ್ಟಿದರು. ಅದು ನಾನು ಎಣಿಸಿರದ ಸಂಗತಿ.

ಎಲ್ಲ ಮುಗಿದು ಅಂಗಳದಲ್ಲಿ ಟೀ ಕುಡಿಯುತ್ತಿದ್ದಾಗ ಒಬ್ಬ ತಾಯಿ ನನ್ನ ಹತ್ತಿರ ಬಂದರು. ಅವರ ಮಗಳು ಈ ಸಲ ಕಾನ್ವೆಂಟ್ ಸೇರಬೇಕು ಅಂತಿದ್ದಾಳೆ. ಮುಖ ಬಿಗಿದುಕೊಂಡಿತ್ತು.

"ಹಿಂಗೆಲ್ಲ ಹೇಳಿದ್ರೆ ಎಂಗೆ ಕಣ್ರೀ? ನಾಳೆ ನನ್ನ ಮಗಳೂ ಬಂದ್ಬುಟ್ರೆ?"

"ಸೇರೋ ದಿನ ಕೇಕು ಹಂಚ್ತೀರಲ್ಲ?" ಅಂದೆ.

"ಹಂಚ್ದೆ ಇರ್ತೀನಾ?"

"ಅವಳು ವಾಪಸ್ ಬಂದ ದಿನಾನೂ ಹಂಚಿ. ತಲೆ ಎತ್ಕೊಂಡು ಹಂಚಿ."

ಅವರು ಸಿಟ್ಟಾದರೋ ಏನೋ ತಿಳಿಯಲಿಲ್ಲ. ಟೀ ಲೋಟವನ್ನು ಕೆಳಗಿಟ್ಟರು. ಆಮೇಲೆ, ಮಗಳು ಇಲ್ಲೇ ಎಲ್ಲೋ ಇರಬೇಕು, ಅವಳನ್ನು ಕರೆದುಕೊಂಡು ಬರುತ್ತೇನೆ, ಎಲ್ಲೂ ಹೋಗಬೇಡಿ ಅಂತ ಹೇಳಿ ಗುಂಪಿನೊಳಗೆ ಹೋದರು.